ಅರ್ಧ ಗಾದೆಯ ಭಾಷೆ: ಇಗ್ಬೊ ಕಥಾಸಾಹಿತ್ಯದ ನುಡಿ ಮತ್ತು ಅಲಂಕಾರ

ಇಗ್ಬೊ ಭಾಷೆಯಲ್ಲಿ ಗಾದೆಗೆ ‘ಇಲು’ ಎಂದು ಹೆಸರು. ನುಡಿಗಟ್ಟು ‘ಅಕ್ಪಾಲಾ ಓಕ್ವು’, ಅಜ್ಜಿಕಥೆ ‘ಇಫೊ’. ಒಗಟಿಗೆ ‘ಗ್ವಮ್ ಗ್ವಮ್ ಗ್ವಮ್’ ಎನ್ನುತ್ತಾರೆ. ಹೇಳು ನನಗೆ, ಹೇಳು ನನಗೆ ಎಂದು ಪೀಡಿಸಿದ ಹಾಗೆ. ನಾಲ್ಕೂ ಬರೆಹಕ್ಕೆ ಬಹಳ ಹಿಂದಿನವು. ಸಭೆ, ಸಂತೆ, ಮನೆಯಂಗಳಗಳಲ್ಲಿ ಬೆಳೆದವು. ನೈಜೀರಿಯಾದ ಆಗ್ನೇಯ ಭಾಗದ ಅನಾಂಬ್ರಾ, ಇಮೊ, ಅಬಿಯಾ, ಎನುಗು, ಎಬೋನ್ಯಿ ರಾಜ್ಯಗಳಲ್ಲಿ ಮತ್ತು ನೈಜರ್ ನದಿಯ ಪಶ್ಚಿಮ ದಂಡೆಯ ಕೆಲವು ಊರುಗಳಲ್ಲಿ ಆಡುವ ಈ ಭಾಷೆಗೆ ಕಾದಂಬರಿ ಬಂದದ್ದು 1933ರಲ್ಲಿ. ಆ ಹೊತ್ತಿಗೆ ಅಲಂಕಾರಗಳು ಚೆನ್ನಾಗಿ ಪಳಗಿದ್ದವು. ಯಾರ ಮುಂದೆ ಯಾರು ಗಾದೆ ಹಾಕಬಹುದು, ಯಾವ ಮಾತನ್ನು ನೇರವಾಗಿ ಆಡಬಾರದು, ಯಾವುದನ್ನು ಕತ್ತಲಾದ ಮೇಲೆ ಹೆಸರಿಸಬಾರದು ಎಂಬ ಕಟ್ಟುಪಾಡುಗಳೆಲ್ಲ ಅವುಗಳ ಜೊತೆಗೇ ಬಂದವು. ಇಗ್ಬೊ ಕಥೆ-ಕಾದಂಬರಿಗಳ ಭಾಷೆಯನ್ನು ಓದುವವರು ಮೊದಲು ನೋಡಬೇಕಾದ್ದು ಈ ಕಟ್ಟುಪಾಡನ್ನು. ಒಂದು ಕೃತಿಯಲ್ಲಿ ಗಾದೆ ಎಷ್ಟಿವೆ, ಉಪಮೆ ಎಷ್ಟಿವೆ ಎಂದು ಲೆಕ್ಕ ಹಾಕುವ ಪರಿಪಾಠ ವಿಮರ್ಶೆಯಲ್ಲಿ ಬಹುಕಾಲ ನಡೆದಿದೆ. ಪಟ್ಟಿಗಳೇನೋ ಸಿದ್ಧವಾದವು, ಗಾದೆ ಹೇಳಿದವನಿಗೆ ಏನಾಯಿತು ಎಂಬ ಪ್ರಶ್ನೆ ಹಿಂದೆ ಉಳಿಯಿತು.

‘ಇಗ್ಬೊ ಕಥಾಸಾಹಿತ್ಯ’ ಎಂಬ ಮಾತಿನೊಳಗೆ ಎರಡು ಬಗೆಯ ಬರೆಹಗಳು ಸೇರುತ್ತವೆ. ಇಗ್ಬೊ ಭಾಷೆಯಲ್ಲೇ ಬರೆದವರು ಪೀಟಾ ನ್ವಾನಾ, ಡಿ. ಎನ್. ಅಚಾರಾ, ಲಿಯೊಪೋಲ್ಡ್ ಬೆಲ್-ಗ್ಯಾಮ್, ಟೋನಿ ಉಬೆಸಿಯೆ ಮೊದಲಾದವರು. ಇಗ್ಬೊ ಮನೆಮಾತಿನವರಾಗಿ ಇಂಗ್ಲಿಷಿನಲ್ಲಿ ಬರೆದವರ ಸಾಲಿನಲ್ಲಿ ಚಿನುವಾ ಅಚೆಬೆ, ಫ್ಲೋರಾ ನ್ವಾಪಾ, ಬುಚಿ ಎಮೆಚೆಟಾ, ಚಿಮಮಾಂಡಾ ಎನ್ಗೋಜಿ ಅದೀಚಿಯೆ, ಚಿಗೋಜಿ ಒಬಿಯೋಮಾ ಇದ್ದಾರೆ. ಹೊರಗಿನ ಓದುಗರಿಗೆ ಎರಡನೆಯ ಸಾಲು ಮಾತ್ರ ಪರಿಚಿತ. ಅಲಂಕಾರದ ಬೇರು ಎರಡಕ್ಕೂ ಒಂದೇ ಆದ್ದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ಅರ್ಥ ಅರ್ಧಕ್ಕೇ ನಿಲ್ಲುತ್ತದೆ.

ಭಾಷೆಯ ಮೈಕಟ್ಟಿನಿಂದಲೇ ಆರಂಭಿಸಬೇಕು. ಇಗ್ಬೊ ದನಿಯ ಏರಿಳಿತವೇ ಅರ್ಥವನ್ನು ನಿರ್ಧರಿಸುವ ಭಾಷೆ. ‘ಅಕ್ವಾ’ ಎಂಬ ಒಂದೇ ಪದ ಏರಿಳಿತಕ್ಕೆ ತಕ್ಕಂತೆ ಅಳು, ಬಟ್ಟೆ, ಮೊಟ್ಟೆ, ಮಂಚ ಎಂಬ ನಾಲ್ಕು ಅರ್ಥ ಕೊಡುತ್ತದೆ. ಸಾಮಾನ್ಯ ಮುದ್ರಣದಲ್ಲಿ ಈ ಏರಿಳಿತಕ್ಕೆ ಗುರುತು ಹಾಕುವ ರೂಢಿಯಿಲ್ಲ. ಓದುಗ ಸಂದರ್ಭ ನೋಡಿ ಮನಸ್ಸಿನಲ್ಲೇ ದನಿ ಕೂಡಿಸಿಕೊಳ್ಳಬೇಕು. ಶ್ಲೇಷೆಗೆ ಇದಕ್ಕಿಂತ ಹದವಾದ ನೆಲ ಸಿಗುವುದು ಕಷ್ಟ. ಕ್ರಿಯಾಪದಗಳ ಸ್ವಭಾವವೂ ವಿಶಿಷ್ಟ. ‘ಗ್ಬಾ’ ಎಂಬ ಧಾತು ತಾನಾಗಿ ಖಚಿತವಾಗಿ ಏನನ್ನೂ ಹೇಳುವುದಿಲ್ಲ. ಅದರ ಮುಂದೆ ‘ಓಸೊ’ ಬಂದರೆ ಓಡುವುದು, ‘ಎಗ್ವು’ ಬಂದರೆ ಕುಣಿಯುವುದು, ‘ಎಗ್ಬೆ’ ಬಂದರೆ ಗುಂಡು ಹಾರಿಸುವುದು, ‘ಮ್ಗ್ಬಾ’ ಬಂದರೆ ಕುಸ್ತಿ ಹಿಡಿಯುವುದು, ‘ಆಫಾ’ ಬಂದರೆ ಶಕುನ ಕೇಳುವುದು. ಕುಸ್ತಿ, ಕುಣಿತ, ಓಟ, ಗುಂಡು ಎಲ್ಲಕ್ಕೂ ಒಂದೇ ಧಾತು ಮರುದನಿಯಾಗಿ ಬರುವ ಭಾಷೆಯಲ್ಲಿ ಬರಿಯ ವರದಿಯ ವಾಕ್ಯಕ್ಕೂ ಒಂದು ಲಯ ತಾನಾಗಿ ಕೂಡಿಬರುತ್ತದೆ. ‘ಎನ್ಗ್ವಾ ಎನ್ಗ್ವಾ’ ಎಂದರೆ ಬೇಗ ಬೇಗ, ‘ನ್ವಾಯೊ ನ್ವಾಯೊ’ ಎಂದರೆ ಮೆಲ್ಲ ಮೆಲ್ಲಗೆ. ಇಂಥ ಜೋಡಿನುಡಿ ಮತ್ತು ಅನುಕರಣ ಪದಗಳು ಇಗ್ಬೊ ಗದ್ಯದಲ್ಲಿ ಹೇರಳವಾಗಿವೆ; ಇಂಗ್ಲಿಷಿಗೆ ಹೋಗುವಾಗ ಮೊದಲು ಉದುರುವುದೂ ಇವೇ. ಕನ್ನಡಕ್ಕೆ ತರುವುದಾದರೆ ಈ ತೊಂದರೆ ಅಷ್ಟಾಗಿ ಕಾಡದು.

ಮಾತಿನ ಏರಿಳಿತವನ್ನು ಹಿಡಿಯಬಲ್ಲ ವಾದ್ಯ ಮಾತಾಡಲೂ ಬಲ್ಲದು. ಒಳಗೆ ಪೊಳ್ಳು ಮಾಡಿದ ಮರದ ‘ಎಕ್ವೆ’ ಅಂಥ ವಾದ್ಯ. ಅಚೆಬೆಯ ಮೊದಲ ಕಾದಂಬರಿ ‘ಥಿಂಗ್ಸ್ ಫಾಲ್ ಅಪಾರ್ಟ್’ (1958) ಇದನ್ನು ಕಥನದ ತಂತ್ರವನ್ನಾಗಿ ಮಾಡಿಕೊಂಡ ಬಗೆ ಹತ್ತಿರದಿಂದ ನೋಡತಕ್ಕದ್ದು. ನಸುಕಿನಲ್ಲಿ ಎಕ್ವೆ ನುಡಿಯಲು ತೊಡಗುತ್ತದೆ. ಬರೆಹದಲ್ಲಿ ಮೊದಲು ಕಾಣುವುದು ವಾದ್ಯದ ಬರಿಯ ಸದ್ದು. ಆಮೇಲೆ ಆ ಸದ್ದು ಕಥೆ ನಡೆಯುವ ಊರಾದ ಇಡೀ ಉಮುವೊಫಿಯಾದ ಹೆಸರನ್ನು ಬಿರುದಿನೊಂದಿಗೆ ಮತ್ತೆ ಮತ್ತೆ ಕರೆಯುತ್ತದೆ. ಅದರ ಒಂಬತ್ತು ಹಳ್ಳಿಗಳ ಜನರೂ ಎದ್ದು ಕಿವಿಗೊಡುತ್ತಾರೆ, ಆತಂಕ ಏರುತ್ತದೆ. ಬಳಿಕ ಎಕ್ವೆ ಇನ್ನಷ್ಟು ಹತ್ತಿರ ಬಂದು ಒಂದು ಹಳ್ಳಿಯ ಹೆಸರು ಹಿಡಿಯುತ್ತದೆ. ಅದು ಕಥಾನಾಯಕ ಒಕೊಂಕ್ವೊನ ಹಳ್ಳಿ. ಕೊನೆಗೆ ಸತ್ತವನ ಹೆಸರು ಬರುತ್ತದೆ: ಹಿರಿಯ ಎಜೆಉಡು. ಒಕೊಂಕ್ವೊನ ಬೆನ್ನಹುರಿಯಲ್ಲಿ ಚಳಿ ಹರಿಯುತ್ತದೆ. ಸಾಕುಮಗನಂತಿದ್ದ ಇಕೆಮೆಫುನಾನ ಕೊಲೆಯಲ್ಲಿ ಕೈ ಹಾಕಬೇಡ ಎಂದು ಮನೆಗೆ ಬಂದು ಹೇಳಿಹೋದ ಮುದುಕ ಅವನೇ. ಊರು, ಹಳ್ಳಿ, ವ್ಯಕ್ತಿ, ಒಬ್ಬನ ಒಳಗಿನ ಅಪರಾಧ ಎಂದು ಕಥೆ ಕಿರಿದಾಗುತ್ತ ಬರುವ ಈ ನಡೆ ಅಚೆಬೆ ಹೊರಗಿನಿಂದ ತಂದದ್ದಲ್ಲ. ಸಾವಿನ ಸುದ್ದಿಯನ್ನು ವಾದ್ಯ ಯಾವ ಕ್ರಮದಲ್ಲಿ ಸಾರುತ್ತದೋ ಅದೇ ಕ್ರಮವನ್ನು ಅಧ್ಯಾಯ ಅನುಸರಿಸಿದೆ.

ಲಿಪಿಯ ಸಂಗತಿಯನ್ನು ಇಲ್ಲಿ ಚುಟುಕಾಗಿಯಾದರೂ ಹೇಳಬೇಕು. ಸಾಹಿತ್ಯಭಾಷೆ ತಡವಾಗಿ ಗಟ್ಟಿಗೊಂಡದ್ದಕ್ಕೆ ಅದೂ ಒಂದು ಕಾರಣ. ಆಂಗ್ಲಿಕನ್ ಪಾದ್ರಿ ಟಿ. ಜೆ. ಡೆನಿಸ್ ಅವರ ಮುಂದಾಳ್ತನದಲ್ಲಿ ಒನಿಚಾ, ಒವೆರಿ, ಉನ್ವಾನಾ, ಅರೊಚುಕ್ವು, ಬೋನಿ ಎಂಬ ಐದು ಕಡೆಯ ಉಪಭಾಷೆಗಳನ್ನು ಬೆರೆಸಿದ ‘ಯೂನಿಯನ್ ಇಗ್ಬೊ’ದಲ್ಲಿ ಬೈಬಲ್ ಸಿದ್ಧವಾಗಿ 1913ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಅರ್ಥವಾಗಲಿ ಎಂದು ಕಟ್ಟಿದ ಆ ಭಾಷೆ ಯಾರ ಮನೆಯಲ್ಲೂ ಆಡುವ ಭಾಷೆಯಾಗಿರಲಿಲ್ಲ. 1929ರಲ್ಲಿ ಹೊಸ ಲಿಪಿಕ್ರಮ ಬಂದಾಗ ಹಳೆಯದಕ್ಕೂ ಅದಕ್ಕೂ ಜಗಳ ಹತ್ತಿ, ಮೂರು ದಶಕ ಎಳೆದು, 1961ರಲ್ಲಿ ಒನ್ವು ಸಮಿತಿಯ ಲಿಪಿಕ್ರಮದಿಂದ ಒಂದು ನೆಲೆಗೆ ಬಂತು. ಎಫ್. ಸಿ. ಒಗ್ಬಾಲು 1949ರಲ್ಲಿ ಆರಂಭಿಸಿದ ಇಗ್ಬೊ ಭಾಷೆ ಮತ್ತು ಸಂಸ್ಕೃತಿಯ ಸಂಘ ಈ ನಡುವೆ ಗಾದೆ, ಕಥೆಗಳನ್ನು ಅಚ್ಚು ಹಾಕಿಸುವ ಕೆಲಸವನ್ನು ಬಿಡದೆ ಮಾಡಿತು. ಅಚೆಬೆಗೆ ಯೂನಿಯನ್ ಇಗ್ಬೊದ ಮೇಲಿನ ಸಿಟ್ಟು ಕೊನೆಯವರೆಗೂ ಇಳಿಯಲಿಲ್ಲ. 1999ರಲ್ಲಿ ಒವೆರಿಯ ಒಡೆನಿಗ್ಬೊ ಉಪನ್ಯಾಸಮಾಲೆಯಲ್ಲಿ ಅವರು ಇಗ್ಬೊದಲ್ಲೇ, ಅದೂ ತಮ್ಮ ಸೀಮೆಯ ಮಾತಿನಲ್ಲಿ ಉಪನ್ಯಾಸ ಮಾಡಿ, ಸಮಿತಿಗಳು ಕಟ್ಟಿದ ಭಾಷೆ ಬರೆಹಗಾರನ ಉಸಿರು ಕಟ್ಟಿಸುತ್ತದೆ ಎಂದು ವಾದಿಸಿದರು, ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ಗಾದೆಯೊಂದು ತನ್ನ ಸೀಮೆಯ ದನಿ ಕಳೆದುಕೊಂಡರೆ ಅದರ ಪ್ರಾಸವೂ ಹೋಗುತ್ತದೆ, ಚುರುಕೂ ಹೋಗುತ್ತದೆ. ಅಷ್ಟರ ಮಟ್ಟಿಗೆ ಅಚೆಬೆಯ ತಕರಾರಿನಲ್ಲಿ ಸತ್ವವಿದೆ.

ಮೊದಲ ಇಗ್ಬೊ ಕಾದಂಬರಿ ‘ಒಮೆನುಕೊ’. ಬರೆದವರು ಬಡಗಿ ಕೆಲಸ ಮಾಡಿಕೊಂಡಿದ್ದ ಪೀಟಾ ನ್ವಾನಾ. ಆಫ್ರಿಕಾದ ಭಾಷೆಗಳ ಕೃತಿಗಳಿಗಾಗಿ ಅಂತರರಾಷ್ಟ್ರೀಯ ಸಂಸ್ಥೆಯೊಂದು ನಡೆಸಿದ ಸ್ಪರ್ಧೆಯಲ್ಲಿ ಬಹುಮಾನ ಪಡೆದು 1933ರಲ್ಲಿ ಅಚ್ಚಾದ ಈ ಕೃತಿ ಶಾಲೆಗಳಲ್ಲಿ ಹಲವು ತಲೆಮಾರು ಓದಿಸಿಕೊಂಡಿತು. ವ್ಯಾಪಾರಿ ಒಮೆನುಕೊ ಸಂತೆಗೆ ಹೊರಟಾಗ ಸೇತುವೆ ಕುಸಿದು ಸರಕೆಲ್ಲ ಹೊಳೆಪಾಲಾಗುತ್ತದೆ. ನಷ್ಟ ತುಂಬಿಕೊಳ್ಳಲು ಅವನು ತನ್ನ ಬಳಿ ಕೆಲಸ ಕಲಿಯುತ್ತಿದ್ದ, ಹೊರೆ ಹೊತ್ತಿದ್ದ ಹುಡುಗರನ್ನೇ ಗುಲಾಮರಾಗಿ ಮಾರುತ್ತಾನೆ. ಆಮೇಲೆ ದೇಶಾಂತರ, ಅಲ್ಲಿ ಅಧಿಕಾರ, ಕೊನೆಗೆ ಪ್ರಾಯಶ್ಚಿತ್ತ ಮತ್ತು ಊರಿಗೆ ಮರಳುವುದು. ಒಮೆನುಕೊ ಯಾವ ಇಕ್ಕಟ್ಟಿಗೆ ಸಿಕ್ಕಿದರೂ ಗಾದೆ ಹಾಕಿ ಮಾತಾಡುತ್ತಾನೆ. ಮಾಡಿದ ಘೋರ ಕೆಲಸವನ್ನು ನೇರ ಹೇಳಲಾರದವನಿಗೆ ಗಾದೆ ಮರೆಯಾಗಿ ಒದಗುತ್ತದೆ. ಹಿರಿಯರಿಗೆ ಅದೇ ಗಾದೆ ನ್ಯಾಯ ಹೇಳುವ ಸಾಧನ. ನ್ವಾನಾ ಇದನ್ನು ವಿವರಿಸುವ ಗೋಜಿಗೆ ಹೋಗುವುದಿಲ್ಲ. ಶಾಲಾಪುಸ್ತಕದ ನೀತಿಬೋಧೆಯ ಹೊದಿಕೆಯ ಕೆಳಗೆ ಈ ಸೂಕ್ಷ್ಮ ಇಂದಿಗೂ ಉಳಿದುಕೊಂಡಿದೆ. ಅಚಾರಾ ಅವರ ‘ಅಲಾ ಬಿಂಗೊ’ (1937) ಹೆಚ್ಚಾಗಿ ಇಫೊದ ಹಾದಿ ಹಿಡಿದದ್ದು. ಬೆಲ್-ಗ್ಯಾಮ್ ಅವರ ‘ಇಜೆ ಒಡುಮೊಡು ಜೆರೆ’ ಅದ್ಭುತ ಪ್ರಯಾಣದ ಕಥೆ.

ಇಗ್ಬೊ ಗದ್ಯಕ್ಕೆ ಪೂರ್ತಿ ಹರಿತ ಬಂದದ್ದು 1970ರ ದಶಕದಲ್ಲಿ, ಟೋನಿ ಉಬೆಸಿಯೆಯಿಂದ. ಅವರ ಪುಸ್ತಕಗಳ ಹೆಸರುಗಳೇ ಅವರ ಶೈಲಿಗೆ ಕೀಲಿಕೈ. ‘ಉಕ್ವಾ ರುವೊ ಓಗೆ ಯಾ ಓ ದಾ’ (1973) ಎಂದರೆ ಕಾಲ ಬಂದರೆ ದೀವಿಹಲಸು ತಾನೇ ಬೀಳುತ್ತದೆ ಎಂಬ ಗಾದೆ. ‘ಉಕ್ಪಾನಾ ಒಕ್ಪೊಕೊ ಬೂರು’ (1975) ಎಂದರೆ ಒಕ್ಪೊಕೊ ಹಕ್ಕಿ ಕಚ್ಚಿಕೊಂಡು ಹೋದ ಮಿಡತೆ. ಅಲ್ಲಿಗೆ ಹೆಸರು ಮುಗಿಯಿತು, ಗಾದೆ ಮುಗಿದಿಲ್ಲ. ಉಳಿದ ಅರ್ಧ ಇಗ್ಬೊ ಓದುಗನ ಬಾಯಲ್ಲಿ ತಾನಾಗಿ ಬರುತ್ತದೆ: ಆ ಮಿಡತೆ ಕಿವುಡಾಗಿರಬೇಕು. ಒಕ್ಪೊಕೊ ಬಲು ಗದ್ದಲದ ಹಕ್ಕಿ. ಅದು ಬರುವುದು ಕೇಳಿಸಲಿಲ್ಲ ಎಂದರೆ ತಪ್ಪು ಮಿಡತೆಯದೇ. ಎಚ್ಚರಿಕೆಯ ಮಾತು ಸುತ್ತ ಮೊಳಗುತ್ತಿದ್ದರೂ ಕೇಳಿಸಿಕೊಳ್ಳದವರ ಕಥೆ ಇದು ಎಂದು ಮೊದಲ ಪುಟ ತೆರೆಯುವ ಮುನ್ನವೇ ಓದುಗನಿಗೆ ಗೊತ್ತು. ಅರ್ಧ ಗಾದೆ ಹೇಳಿ ಉಳಿದದ್ದನ್ನು ಕೇಳುಗನಿಗೆ ಬಿಡುವುದು ಇಗ್ಬೊ ಸಭೆಗಳ ಹಳೆಯ ಪದ್ಧತಿ. ಪೂರ್ತಿ ಹೇಳಿದರೆ ಕೇಳುಗನನ್ನು ದಡ್ಡ ಎಂದಂತಾಗುತ್ತದೆ. ಯಾರಿಗೆ ಗಾದೆಯನ್ನು ಬಿಡಿಸಿ ವಿವರಿಸಬೇಕಾಯಿತೋ ಅವನ ತಾಯಿಗೆ ತೆತ್ತ ವಧುದಕ್ಷಿಣೆ ದಂಡ ಎಂಬರ್ಥದ ಗಾದೆಯೇ ಇದೆ. 1967ರಿಂದ 1970ರವರೆಗೆ ನಡೆದ ಬಿಯಾಫ್ರಾ ಯುದ್ಧದ ಹಿನ್ನೆಲೆಯ ‘ಇಸಿ ಅಕ್ವು ದಾರಾ ನಾಲಾ’ (1973) ಕಾದಂಬರಿಯ ಹೆಸರು ನೆಲಕ್ಕುರುಳಿದ ತಾಳೆಗೊನೆಯದು. ಕಥೆ ಚಿಕೆ ಮತ್ತು ಅಡಾ ಎಂಬ ಗಂಡಹೆಂಡಿರ ಬದುಕು ಯುದ್ಧದಲ್ಲಿ ಕುಸಿಯುವುದು. ಇಲ್ಲಿ ಉಬೆಸಿಯೆ ಹಾಸ್ಯ, ಅತಿಶಯೋಕ್ತಿ, ಓದುಗನನ್ನು ನೇರ ಮಾತಾಡಿಸುವ ಸಲುಗೆ ಎಲ್ಲವನ್ನೂ ತರುತ್ತಾರೆ. ಗಾದೆಯ ಮೇಲೆ ಗಾದೆ ಪೋಣಿಸಿ ಉಸಿರುಗಟ್ಟಿಸುವ ಕಡೆಗಳೂ ಇಲ್ಲದಿಲ್ಲ. ಅವರ ಹಿಂದೆ ಬಂದ ಹಲವರು ಆ ದೋಷವನ್ನೇ ಗುಣವೆಂದು ಎತ್ತಿಕೊಂಡರು.

ಮಾತೆಂಬ ಊಟಕ್ಕೆ ಗಾದೆಯೇ ತಾಳೆ ಎಣ್ಣೆ ಎಂಬುದು ಇಗ್ಬೊ ನಾಡಿನ ಪ್ರಸಿದ್ಧ ನಂಬಿಕೆ. ಅಚೆಬೆಯ ಮೂಲಕ ಜಗತ್ತಿಗೆಲ್ಲ ತಿಳಿದ ಈ ರೂಪಕವನ್ನು ರುಚಿಯ ಅರ್ಥದಲ್ಲಷ್ಟೇ ತೆಗೆದುಕೊಳ್ಳುವುದು ವಾಡಿಕೆ. ಅದು ‘ಥಿಂಗ್ಸ್ ಫಾಲ್ ಅಪಾರ್ಟ್’ನಲ್ಲಿ ಬರುವ ಸಂದರ್ಭ ಮಾತ್ರ ಸಾಲ ವಸೂಲಿಯದು. ಒಕೊಂಕ್ವೊನ ತಂದೆ ಉನೊಕಾ ಕೊಳಲುಗಾರ, ಊರೆಲ್ಲ ಸಾಲ ಮಾಡಿದವನು. ಎರಡು ವರ್ಷಕ್ಕೂ ಹಿಂದೆ ಕೊಟ್ಟ ಇನ್ನೂರು ಕವಡೆ ಕೇಳಲು ನೆರೆಯ ಒಕೊಯೆ ಬರುತ್ತಾನೆ. ಮೊದಲು ಅತಿಥಿಗೆ ಕೊಡುವ ಕೋಲಾ ಕಾಯಿ ಬರಬೇಕು, ಅದನ್ನು ಯಾರು ಒಡೆಯಬೇಕು ಎಂದು ಇಬ್ಬರೂ ಉಪಚಾರದ ಜಗ್ಗಾಟ ಆಡಬೇಕು, ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆಯಬೇಕು, ಪೂರ್ವಜರನ್ನು ನೆನೆಯಬೇಕು, ಆರೋಗ್ಯ, ಮಳೆ, ಮುಂಬರುವ ಹಬ್ಬ, ಯುದ್ಧದ ಭೀತಿ ಎಲ್ಲವೂ ಮಾತಿಗೆ ಬರಬೇಕು. ಅಲ್ಲಿಯವರೆಗೆ ಸರಳವಾಗಿ ಮಾತಾಡುತ್ತಿದ್ದ ಒಕೊಯೆ ಸಾಲದ ವಿಷಯ ಬಂದ ಕೂಡಲೇ ಸಾಲು ಸಾಲಾಗಿ ಗಾದೆಗಳಿಗೆ ಇಳಿಯುತ್ತಾನೆ. ಆ ಗಾದೆಗಳನ್ನು ಅಚೆಬೆ ಕೊಡುವುದೇ ಇಲ್ಲ! ಬಳಸು ಮಾತಿನ ಕೊನೆಗೆ ಒಕೊಯೆ ಕವಡೆಗೆ ಬಂದು ಮುಟ್ಟಿದನೆಂದಷ್ಟೇ ಹೇಳುತ್ತಾರೆ. ಉನೊಕಾ ಬಿದ್ದು ಬಿದ್ದು ನಗುತ್ತಾನೆ. ಗೋಡೆ ತೋರಿಸುತ್ತಾನೆ: ಅಲ್ಲಿ ಐದು ಗುಂಪು ಗೆರೆಗಳಿವೆ, ಒಂದೊಂದು ಗೆರೆಯೂ ನೂರು ಕವಡೆ, ತೀರ ಚಿಕ್ಕ ಗುಂಪಿನಲ್ಲೂ ಹತ್ತು ಗೆರೆ. ಬಿಸಿಲು ಮಂಡಿಯೂರಿದವರಿಗಿಂತ ಮೊದಲು ನಿಂತವರ ಮೇಲೆ ಬೀಳುತ್ತದೆ ಎಂದು ಹಿರಿಯರು ಹೇಳಿಲ್ಲವೇ, ಆದ್ದರಿಂದ ದೊಡ್ಡ ಸಾಲಗಳನ್ನು ಮೊದಲು ತೀರಿಸುತ್ತೇನೆ ಎಂದುಬಿಡುತ್ತಾನೆ. ಒಕೊಯೆ ಕೂರಲು ಹಾಸಿದ್ದ ಆಡಿನ ಚರ್ಮವನ್ನು ಸುರುಳಿ ಸುತ್ತಿಕೊಂಡು ಹೊರಡುತ್ತಾನೆ.

ಈ ಪುಟ್ಟ ದೃಶ್ಯದಲ್ಲಿ ಗಾದೆ ಮೂರು ಕೆಲಸ ಮಾಡಿದೆ. ಕೇಳುವವನ ಮುಜುಗರ ಮುಚ್ಚಿತು, ಕೊಡಬೇಕಾದವನಿಗೆ ತಪ್ಪಿಸಿಕೊಳ್ಳಲು ದಾರಿಯಾಯಿತು, ಕೇಳಿದವನು ಮರುಮಾತಿಲ್ಲದೆ ಎದ್ದು ಹೋಗುವಂತೆ ಮಾಡಿತು. ಹಿರಿಯರ ಮಾತಿಗೆ ಎದುರಾಡುವಂತಿಲ್ಲವಲ್ಲ! ಕನ್ನಡದ ಓದುಗರು ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಇದನ್ನು ಹಿಡಿಯಲು ನೋಡಬಹುದು. ಬಿಸಿಲಿನ ಮಾತಾಡಿ ಸಾಲವನ್ನು ಸೂಚಿಸುವುದು ಅಪ್ರಸ್ತುತಪ್ರಶಂಸೆ. ಸಾಮಾನ್ಯ ಸತ್ಯವೊಂದರಿಂದ ವಿಶೇಷವನ್ನು ಸಮರ್ಥಿಸುವುದು ಅರ್ಥಾಂತರನ್ಯಾಸ. ಲಕ್ಷಣ ಎರಡಕ್ಕೂ ಹೊಂದುತ್ತದೆ. ಅಲಂಕಾರದ ಬಲದಿಂದ ಸಾಲಗಾರ ಪಾರಾದದ್ದನ್ನು ಹೇಳಲು ಆ ಪರಿಭಾಷೆ ಸಾಲದು. ಉನೊಕಾನನ್ನು ತಿರಸ್ಕರಿಸುತ್ತಲೇ ಬೆಳೆದ ಮಗ ಮಾತಿನಲ್ಲಿ ಚತುರನಲ್ಲ. ಸಿಟ್ಟು ಬಂದರೆ ಪದ ಬೇಗ ಹೊರಡದೆ ಮುಷ್ಟಿ ಎತ್ತುವವನು. ತಂದೆ ಗೆಲ್ಲುವ ಜಾಗದಲ್ಲಿ ಮಗ ಸೋಲುತ್ತಾನೆ ಎಂಬುದಕ್ಕೆ ಈ ದೃಶ್ಯ ಮುನ್ಸೂಚನೆಯೂ ಹೌದು.

ಗಾದೆಯೇ ಕಥೆಯ ಅಚ್ಚು ಆಗುವ ಬಗೆ ಇದೇ ಕಾದಂಬರಿಯಲ್ಲಿ ‘ಚಿ’ ಎಂಬ ಕಲ್ಪನೆಯ ಸುತ್ತ ಕಾಣುತ್ತದೆ. ಚಿ ಎಂದರೆ ಪ್ರತಿಯೊಬ್ಬನಿಗೂ ಇರುವ ಅವನದೇ ದೈವ. ಮನುಷ್ಯ ಹೂಂ ಎಂದರೆ ಅವನ ಚಿ ಕೂಡ ಹೂಂ ಎನ್ನುತ್ತದೆ ಎಂಬ ಗಾದೆ ಒಕೊಂಕ್ವೊನ ಏಳ್ಗೆಯ ಕಾಲದಲ್ಲಿ ಬರುತ್ತದೆ. ಕೈತಪ್ಪಿ ಆದ ಕೊಲೆಗಾಗಿ ಏಳು ವರ್ಷ ತಾಯಿಯ ಊರಿಗೆ ಗಡಿಪಾರಾದಾಗ ಅದೇ ಗಾದೆ ತಲೆಕೆಳಗಾಗಿ ಮರಳುತ್ತದೆ: ಹಿರಿಯರ ಮಾತು ನಿಜವಲ್ಲ, ಇವನು ಹೂಂ ಎಂದರೂ ಚಿ ಒಲ್ಲೆ ಎಂದಿತು. ಗಾದೆ ಸುಳ್ಳಾಯಿತು ಎಂದು ಹೇಳಲೂ ಮತ್ತೆ ಗಾದೆಯದೇ ವಾಕ್ಯ ಬೇಕಾಯಿತು. ‘ಅಗ್ಬಾಲಾ’ ಎಂಬ ಪದದ ಹಿಂದೆಯೂ ಇಂಥದೇ ವ್ಯಂಗ್ಯವಿದೆ. ಹೆಂಗಸು ಎಂಬ ಅರ್ಥದ ಈ ಪದ ಬಿರುದಿಲ್ಲದ ಗಂಡಸಿಗೆ ಬೈಗುಳ. ಚಿಕ್ಕವನಿದ್ದಾಗ ಆಟದ ಗೆಳೆಯನೊಬ್ಬ ತಂದೆಗೆ ಹಾಗೆಂದದ್ದು ಒಕೊಂಕ್ವೊನ ಎದೆಯಲ್ಲಿ ಮುಳ್ಳಾಗಿ ಉಳಿದಿದೆ. ಊರೇ ನಡುಗುವ ಬೆಟ್ಟದ ದೇವವಾಣಿಯ ಹೆಸರೂ ಅಗ್ಬಾಲಾ. ಅದರ ಪೂಜಾರಿಣಿ ಚಿಯೆಲೊ ಬಂದು ಒಕೊಂಕ್ವೊನ ಮಗಳನ್ನು ಬೆನ್ನಿಗೇರಿಸಿಕೊಂಡು ನಡುರಾತ್ರಿ ಹೊರಟಾಗ ಅವನು ಅಂಗಲಾಚುತ್ತಾನೆ. ಅಚೆಬೆ ಎರಡು ಅರ್ಥಗಳನ್ನೂ ಪಕ್ಕಪಕ್ಕಕ್ಕೆ ತಂದು ತೋರಿಸುವುದಿಲ್ಲ. ಓದುಗನೇ ಜೋಡಿಸಿಕೊಳ್ಳಬೇಕು.

ನೇರವಾಗಿ ಹೆಸರಿಸದಿರುವುದು ಇಗ್ಬೊ ಅಲಂಕಾರಗಳಲ್ಲಿ ಬಹು ಮುಖ್ಯವಾದ ವರ್ಗ. ಕತ್ತಲಾದ ಮೇಲೆ ಹಾವನ್ನು ಹಾವೆನ್ನುವಂತಿಲ್ಲ, ಅದಕ್ಕೆ ಕೇಳಿಸುತ್ತದೆ, ಹಗ್ಗ ಎನ್ನಬೇಕು. ಕುಷ್ಠರೋಗವನ್ನು ಮರ್ಯಾದೆಯ ಮಾತಿನಲ್ಲಿ ‘ಬಿಳಿ ಚರ್ಮ’ ಎನ್ನುತ್ತಾರೆ. ಸುಣ್ಣದಷ್ಟು ಬೆಳ್ಳಗಿನ ಮನುಷ್ಯರ ಸುದ್ದಿ ಉಮುವೊಫಿಯಾಕ್ಕೆ ಬಂದಾಗ ಒಬ್ಬ, ಅಂಥವನೊಬ್ಬ ಈ ದಾರಿಯಲ್ಲೇ ಓಡಾಡುತ್ತಾನಲ್ಲ ಎಂದು ಊರಿನ ಕುಷ್ಠರೋಗಿಯ ಹೆಸರು ಹೇಳುತ್ತಾನೆ, ಎಲ್ಲರೂ ನಗುತ್ತಾರೆ. ಸಾಮ್ರಾಜ್ಯಶಾಹಿ ಮೊದಲು ಕಾಲಿಡುವುದು ಒಂದು ಶ್ಲೇಷೆಯೊಳಗಿನಿಂದ. ಮುಂದೆ ಪಾದ್ರಿ ನಿಜಕ್ಕೂ ಬಂದಾಗ ನಗೆಗೆ ಕಾರಣ ಅವನ ದುಭಾಷಿಯ ಸೀಮೆಯ ಉಚ್ಚಾರ. ‘ನಾನು’ ಎನ್ನಬೇಕಾದ ಕಡೆಯೆಲ್ಲ ಅವನ ಬಾಯಲ್ಲಿ ‘ನನ್ನ ಅಂಡು’ ಎಂದಾಗುತ್ತದೆ. ಎಲ್ಲರ ದೇವರೊಬ್ಬನೇ ಎಂಬ ಉಪದೇಶ ಅಂಡಿನ ಹಾಸ್ಯದಲ್ಲಿ ಕೊಚ್ಚಿಹೋಗುತ್ತದೆ. ಇದೇ ಜನರ ಮಾತಿನ ಬಗ್ಗೆ ಜಿಲ್ಲಾಧಿಕಾರಿಯ ಅಭಿಪ್ರಾಯ ಕಾದಂಬರಿಯ ಕೊನೆಯ ಪುಟಗಳಲ್ಲಿದೆ. ನೇಣು ಹಾಕಿಕೊಂಡ ಒಕೊಂಕ್ವೊನ ಬಳಿಗೆ ಕರೆದೊಯ್ಯುವ ಮುನ್ನ ಗೆಳೆಯ ಒಬಿಯೆರಿಕಾ ಮಾತನ್ನು ಕೊಂಚ ಬಳಸಿ ಆಡಿದ್ದಕ್ಕೆ, ಬೇಡದ ಮಾತುಗಳ ಮೇಲೆ ಈ ಜನಕ್ಕೆ ಅದೆಷ್ಟು ಮೋಹ ಎಂದು ಅವನಿಗೆ ರೇಗುತ್ತದೆ. ಓದುಗನ ದೃಷ್ಟಿಯಲ್ಲಿ ಆ ಬಳಸು ಮಾತಿಗಿಂತ ಖಚಿತವಾದದ್ದು ಆ ಹೊತ್ತಿನಲ್ಲಿ ಬೇರೆ ಇಲ್ಲ.

ಇಂಗ್ಲಿಷಿನಲ್ಲಿ ಬರೆಯುತ್ತ ಇಗ್ಬೊ ಆಲಂಕಾರಿಕತೆಯನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದಕ್ಕೆ ಅಚೆಬೆ ತಾವೇ ಒಂದು ಪ್ರಾತ್ಯಕ್ಷಿಕೆ ಕೊಟ್ಟಿದ್ದಾರೆ. ‘ಆ್ಯರೊ ಆಫ್ ಗಾಡ್’ (1964) ಕಾದಂಬರಿಯಲ್ಲಿ ಪೂಜಾರಿ ಎಜೆಉಲು ತನ್ನ ಮಗ ಒಡುಚೆಯನ್ನು ಮಿಷನ್ನಿನ ಶಾಲೆಗೆ ಕಳಿಸುವುದಕ್ಕೆ ಕಾರಣ ಹೇಳುತ್ತಾನೆ: ಆ ಜನರ ನಡುವೆ ನೀನು ನನ್ನ ಕಣ್ಣಾಗಿರಬೇಕು, ಲೋಕವೆಂಬುದು ಕುಣಿಯುವ ಮುಖವಾಡ, ನಿಂತಲ್ಲೇ ನಿಂತರೆ ಅದು ಸರಿಯಾಗಿ ಕಾಣುವುದಿಲ್ಲ. 1965ರ ಒಂದು ಪ್ರಬಂಧದಲ್ಲಿ ಅಚೆಬೆ ಈ ಭಾಗವನ್ನು ಕೊಟ್ಟು, ಅದೇ ಆಶಯವನ್ನು ಕಚೇರಿಯ ಇಂಗ್ಲಿಷಿನಲ್ಲೂ ಬರೆದು ಪಕ್ಕದಲ್ಲಿಟ್ಟರು. ಎರಡನೆಯದರಲ್ಲಿ ತಂದೆ ಮಗನನ್ನು ಪ್ರತಿನಿಧಿಯನ್ನಾಗಿ ನೇಮಿಸುತ್ತಾನೆ, ಮುಂಜಾಗ್ರತೆಯ ಮಾತಾಡುತ್ತಾನೆ. ತಾತ್ಪರ್ಯದಲ್ಲಿ ಹೆಚ್ಚು ಕಡಿಮೆಯಿಲ್ಲ, ಎಜೆಉಲು ಮಾತ್ರ ಅಲ್ಲಿಲ್ಲ. ಮುಖವಾಡದ ಕುಣಿತ ಇಗ್ಬೊ ಹಬ್ಬಗಳಲ್ಲಿ ಕಣ್ಣಾರೆ ಕಾಣುವಂಥದು. ನೋಡುವವರು ಅದರ ಸುತ್ತ ಜಾಗ ಬದಲಿಸುತ್ತಲೇ ಇರಬೇಕು. ಹಟಮಾರಿ ಪೂಜಾರಿಯ ದುರಂತವೂ ಇದೇ ರೂಪಕದಲ್ಲಿ ಅಡಗಿದೆ. ಮಗನಿಗೆ ಚಲಿಸುತ್ತಿರು 
ಎಂದವನು ತಾನು ನಿಂತಲ್ಲಿಂದ ಕದಲಲಿಲ್ಲ. ಇರುವೆ ಹತ್ತಿದ ಸೌದೆಯನ್ನು ಗುಡಿಸಲಿಗೆ ತಂದವನು ಹಲ್ಲಿಗಳು ಬಂದವೆಂದು ಗೊಣಗಬಾರದು ಎಂಬ ಗಾದೆ ಈ ಕಾದಂಬರಿಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರುತ್ತದೆ. ಕಥೆ ಮುಂದುವರಿದಂತೆ ಸೌದೆ ತಂದವನು ಯಾರು ಎಂಬುದೇ ಬದಲಾಗುತ್ತ ಹೋಗುತ್ತದೆ.

ನಗರಕ್ಕೆ ಬಂದ ಮೇಲೆ ಗಾದೆಯ ಗತಿ ಬೇರೆ. ಅಚೆಬೆಯ ‘ನೋ ಲಾಂಗರ್ ಅಟ್ ಈಸ್’ (1960) ಕಾದಂಬರಿಯ ಲಾಗೋಸ್ ಸಭೆಗಳಲ್ಲಿ ಊರಿನ ಸಂಘದವರು ಗಾದೆ ಹಾಕಿಯೇ ಲೆಕ್ಕಪತ್ರ ಮಾತಾಡುತ್ತಾರೆ. ಲಂಡನ್ನಿನಿಂದ ಮರಳಿದ ಕಥಾನಾಯಕ ಒಬಿಯ ಸರಳ ಇಂಗ್ಲಿಷ್ ಅವರಿಗೆ ಸಪ್ಪೆ. ಕಾರ್ಯದರ್ಶಿಯ ಇಂಗ್ಲಿಷಾದರೋ ಒಣಮಾಂಸದ ಹಾಗೆ ಬಾಯಿ ತುಂಬುವಂಥದು. ಒನಿಚಾ ಸಂತೆಯಲ್ಲಿ 1940ರ ದಶಕದಿಂದ ಮಾರಾಟವಾಗುತ್ತಿದ್ದ ಅಗ್ಗದ ಕಿರುಪುಸ್ತಕಗಳ ಭಾಷೆಯೂ ಇದೇ ಜಾತಿಯದು. ಒಗಾಲಿ ಎ. ಒಗಾಲಿ ಬರೆದ ‘ವೆರೋನಿಕಾ ಮೈ ಡಾಟರ್’ (1956) ಅವುಗಳಲ್ಲಿ ಹೆಸರುವಾಸಿ. ಶಿಷ್ಟ ಓದುಗರು ನಕ್ಕರೂ, ಮಾತು ಬಾಯಿ ತುಂಬಬೇಕೆಂಬ ಹಳೆಯ ಸಭೆಯ ಆಸೆಯೇ ಅಲ್ಲಿ ಹೊಸ ಭಾಷೆಯಲ್ಲಿ ಕೆಲಸ ಮಾಡಿದೆ. ಅಚೆಬೆಯ ‘ಎ ಮ್ಯಾನ್ ಆಫ್ ದ ಪೀಪಲ್’ (1966) ಇನ್ನೂ ಮುಂದೆ ಹೋಗುತ್ತದೆ. ಕುರುಡ ಭಿಕ್ಷುಕನ ಊರುಗೋಲನ್ನೇ ಲಪಟಾಯಿಸಿದ ಅಂಗಡಿಯವನನ್ನು ಹಳ್ಳಿಯವರು, ಒಡೆಯನ ಕಣ್ಣಿಗೆ ಬೀಳುವಷ್ಟು ಕದ್ದ ಎಂಬ ಗಾದೆಯ ಮಾತಿನಿಂದ ತೀರ್ಮಾನಿಸಿ ಅವನ ವ್ಯಾಪಾರ ಮುಳುಗಿಸುತ್ತಾರೆ. ಕಾದಂಬರಿ ಮುಗಿಯುವ ಹೊತ್ತಿಗೆ ನಿರೂಪಕ ಒಡಿಲಿ ಅದೇ ಮಾತನ್ನು ದೇಶಕ್ಕೆ ಹಚ್ಚಿ ನೋಡುತ್ತಾನೆ. ಹಳ್ಳಿಗೆ ಒಡೆಯನಿದ್ದ, ದೇಶಕ್ಕೆ ಇಲ್ಲ. ಎಷ್ಟು ಕದ್ದರೂ ನೋಡುವವರಿಲ್ಲ. ಭ್ರಷ್ಟ ರಾಜಕೀಯದ ವಿಶ್ಲೇಷಣೆಯ ಚೌಕಟ್ಟಾಗಿ ಒಂದು ಗಾದೆ ಇಷ್ಟು ಸಮರ್ಥವಾಗಿ ದುಡಿದದ್ದು ವಿರಳ.

ಹಲವು ಇಗ್ಬೊ ಹೆಸರುಗಳು ಪೂರ್ತಿ ವಾಕ್ಯಗಳಾಗಿರುತ್ತವೆ ಎಂಬುದೂ ಕಾದಂಬರಿಕಾರರಿಗೆ ಒದಗಿದ ಅನುಕೂಲ. ಎಕೆ, ಓರಿಯೆ, ಆಫೊ, ನ್ಕ್ವೊ ಎಂಬ ನಾಲ್ಕು ದಿನಗಳ ವಾರದಲ್ಲಿ ನ್ಕ್ವೊ ದಿನ ಹುಟ್ಟಿದ ಗಂಡುಮಗ ಒಕೊಂಕ್ವೊ. ಅವನ ಹೆಂಡತಿ ಎಕ್ವೆಫಿಗೆ ಹುಟ್ಟಿದ ಹತ್ತು ಮಕ್ಕಳಲ್ಲಿ ಒಂಬತ್ತು ಎಳವೆಯಲ್ಲೇ ತೀರಿಕೊಂಡವು. ಅವುಗಳಲ್ಲಿ ಒಂದರ ಹೆಸರು ಒನ್ವುಂಬಿಕೊ, ಸಾವೇ ದಮ್ಮಯ್ಯ ಎಂದು. ಇನ್ನೊಂದು ಓಜೊಯೆಮೆನಾ, ಮತ್ತೊಮ್ಮೆ ಹೀಗಾಗದಿರಲಿ ಎಂದು. ಮತ್ತೊಂದು ಒನ್ವುಮಾ, ಸಾವಿನ ಇಷ್ಟದಂತಾಗಲಿ ಎಂದು. ತಾಯಿಯ ಬೇಡಿಕೆ, ಭಯ, ಶರಣಾಗತಿ ಎಲ್ಲವೂ ಮೂರು ಹೆಸರುಗಳಲ್ಲಿ ಮುಗಿದುಹೋಗಿವೆ. ಲೇಖಕ ಶೋಕವನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ. ಎಮೆಚೆಟಾ ಅವರ ‘ದ ಜಾಯ್ಸ್ ಆಫ್ ಮದರ್‌ಹುಡ್’ (1979) ಕಾದಂಬರಿಯ ನಾಯಕಿ ನ್ನು ಎಗೊ. ಇಪ್ಪತ್ತರ ಲೆಕ್ಕದಲ್ಲಿ ಎಣಿಸುವ ಇಗ್ಬೊದಲ್ಲಿ ‘ನ್ನು’ ಎಂದರೆ ನಾನೂರು, ‘ಎಗೊ’ ಎಂದರೆ ಹಣ. ಸಂಪತ್ತಿನ ಹೆಸರು ಹೊತ್ತವಳು ಹೆತ್ತ ಮಕ್ಕಳಿದ್ದೂ ರಸ್ತೆಬದಿಯಲ್ಲಿ ಒಂಟಿಯಾಗಿ ಸಾಯುತ್ತಾಳೆ. ಫ್ಲೋರಾ ನ್ವಾಪಾ ಅವರ ‘ಎಫುರು’ (1966) ಗಾದೆಗಳನ್ನು ಹಿಂದಕ್ಕೆ ಸರಿಸಿ ಹೆಂಗಸರ ಹರಟೆ, ಚಾಡಿ, ಸಂತೆಯ ಚೌಕಾಶಿಗಳಿಂದಲೇ ಕಥೆ ನಡೆಸುತ್ತದೆ. ಗಂಡಸರ ಸಭೆಯ ಭಾಷೆಯನ್ನೇ ಇಗ್ಬೊ ಸಾಹಿತ್ಯಭಾಷೆ ಎಂದುಕೊಂಡಿದ್ದ ವಿಮರ್ಶಕರಿಗೆ ಅದು ಮೊದಲು ಬರಿಯ ಗಾಳಿಮಾತಾಗಿ ಕಂಡಿತು. ಸರೋವರದ ದೇವತೆ ಉಹಮಿರಿಗೆ ಐಶ್ವರ್ಯವಿದೆ, ಚೆಲುವಿದೆ, ಮಕ್ಕಳಿಲ್ಲ; ಅವಳನ್ನು ಹೆಂಗಸರು ಏಕೆ ಪೂಜಿಸುತ್ತಾರೆ ಎಂಬ ಪ್ರಶ್ನೆಯನ್ನು ಬಿಡಿಸದೆಯೇ ಕಾದಂಬರಿ ಮುಗಿಯುತ್ತದೆ.

ಕಥೆಯೊಳಗಿನ ಕಥೆಯೂ ಗಾದೆಯಂತೆಯೇ ಕೆಲಸ ಮಾಡುತ್ತದೆ. ವಿಮರ್ಶಕ ಎಮಾನುವೆಲ್ ಒಬಿಯೆಚಿನಾ ಇದಕ್ಕೆ ‘ಕಥನರೂಪದ ಗಾದೆ’ ಎಂಬ ಹೆಸರು ಕೊಟ್ಟರು. ‘ಥಿಂಗ್ಸ್ ಫಾಲ್ ಅಪಾರ್ಟ್’ನಲ್ಲಿ ಎಕ್ವೆಫಿ ಮಗಳಿಗೆ ಹೇಳುವ ಆಮೆಯ ಕಥೆ ಇದಕ್ಕೆ ಮಾದರಿ. ಹಕ್ಕಿಗಳಿಂದ ಗರಿ ಎರವಲು ಪಡೆದು ಆಕಾಶದ ಔತಣಕ್ಕೆ ಹೊರಟ ಆಮೆ ಎಲ್ಲರೂ ಹೊಸ ಹೆಸರಿಟ್ಟುಕೊಳ್ಳಬೇಕೆಂದು ಒಪ್ಪಿಸಿ, ತನಗೆ ‘ನೀವೆಲ್ಲರೂ’ ಎಂಬ ಹೆಸರು ಇಟ್ಟುಕೊಳ್ಳುತ್ತದೆ. ಅಡುಗೆ ಯಾರಿಗೆ ಎಂದು ಕೇಳಿದರೆ ನಿಮಗೆಲ್ಲರಿಗೂ ಎಂಬ ಉತ್ತರ, ಊಟವೆಲ್ಲ ಆಮೆಗೇ. ಗರಿ ಕಿತ್ತುಕೊಂಡ ಹಕ್ಕಿಗಳ ಕೈಯಲ್ಲಿ ಮನೆಗೆ ಹೇಳಿಕಳಿಸಿದ ಮಾತು ತಿರುಚಿಹೋಗಿ ಅದು ಬಿದ್ದು ಚಿಪ್ಪೊಡೆದುಕೊಳ್ಳುತ್ತದೆ. ಮಾತಿನ ಚಾತುರ್ಯದಿಂದ ಎದ್ದವನು ತಿರುಚಿದ ಮಾತಿನಿಂದ ಬೀಳುವ ಈ ಕಥೆ ಮಕ್ಕಳಿಗೆ ವಿನೋದ. ಒಬ್ಬನೇ ಏರಲು ನೋಡಿದ ಒಕೊಂಕ್ವೊನ ಪಾಡೂ ಅದರೊಳಗೇ ಇದೆ.

ಅದೀಚಿಯೆ ಅವರ ತಲೆಮಾರಿನಲ್ಲಿ ವಿವರಣೆ ಕೊಡುವ ಹಂಗು ಕಡಿಮೆಯಾಯಿತು. ಇಗ್ಬೊ ಪದ, ವಾಕ್ಯ ಹಾಗೆಯೇ ಬರುತ್ತವೆ. ಎದುರಿನವರ ಉತ್ತರದಿಂದ ಅರ್ಥ ತಿಳಿದುಕೊಳ್ಳಬೇಕು. ‘ಪರ್ಪಲ್ ಹಿಬಿಸ್ಕಸ್’ (2003) ಕಾದಂಬರಿಯಲ್ಲಿ ಯಾವ ಭಾಷೆ ಆಡುತ್ತಾರೆ ಎಂಬುದೇ ಅಧಿಕಾರದ ಸಂಕೇತ. ಮತಾಂಧ ತಂದೆ ಇಗ್ಬೊ ಆಡುವುದು ಅಪರೂಪ, ಮಕ್ಕಳು ನಾಲ್ಕು ಜನರೆದುರು ಅದನ್ನಾಡಿದರೆ ಅವನಿಗೆ ಸರಿಬರುವುದಿಲ್ಲ. ತಂದೆ ಅನ್ಯಮತದವನೆಂದು ದೂರವಿಟ್ಟ ಅಜ್ಜ ನಸುಕಿನಲ್ಲಿ ವರಾಂಡದಲ್ಲಿ ಕೂತು ಸುಣ್ಣದ ಗೆರೆ ಎಳೆದು ದೇವರಿಗೆ ಪ್ರಾರ್ಥಿಸುವುದನ್ನು ಮೊಮ್ಮಗಳು ಕಂಬಿಲಿ ಮರೆಯಲ್ಲಿ ನಿಂತು ಕೇಳುತ್ತಾಳೆ. ತನ್ನನ್ನು ತೊರೆದ ಮಗನಿಗೂ ಒಳ್ಳೆಯದಾಗಲಿ ಎಂದು ಅವನು ಬೇಡುತ್ತಾನೆ. ಕೋಲಾ ಕಾಯಿಗೆ ಇಂಗ್ಲಿಷ್ ಕೇಳಿಸುವುದಿಲ್ಲ ಎಂಬುದು ಇಗ್ಬೊ ಸಭೆಗಳಲ್ಲಿ ಇಂದಿಗೂ ಚಾಲ್ತಿಯಲ್ಲಿರುವ ಮಾತು. ಕಾಯಿ ಒಡೆಯುವಾಗಿನ ಪ್ರಾರ್ಥನೆ ಇಗ್ಬೊದಲ್ಲೇ ಆಗಬೇಕು. ಹದ್ದೂ ಕೂರಲಿ, ಗರುಡವೂ ಕೂರಲಿ, ಬೇಡವೆಂದವನ ರೆಕ್ಕೆ ಮುರಿಯಲಿ ಎಂದು ಎರಡೆರಡು ಪಾದಗಳಲ್ಲಿ ಸಾಗುವ ಆ ಪ್ರಾರ್ಥನೆಯ ಸಮತೂಕವನ್ನು ಅಚೆಬೆಯಿಂದ ಹಿಡಿದು ಹಲವು ಕಾದಂಬರಿಕಾರರು ಗದ್ಯಕ್ಕೆ ಇಳಿಸಿಕೊಂಡಿದ್ದಾರೆ.

ಒಬಿಯೋಮಾ ಅವರ ‘ಆ್ಯನ್ ಆರ್ಕೆಸ್ಟ್ರಾ ಆಫ್ ಮೈನಾರಿಟೀಸ್’ (2019) ಪ್ರಾರ್ಥನೆಯ ಈ ಧಾಟಿಯನ್ನು ಇಡೀ ಕಾದಂಬರಿಯ ನಿರೂಪಣೆಯನ್ನಾಗಿಸಿದೆ. ಉಮುವಾಹಿಯಾದ ಕೋಳಿ ಸಾಕಣೆಗಾರ ಚಿನೊನ್ಸೊನ ಕಥೆ ಹೇಳುವುದು ಅವನ ಚಿ. ಪರದೈವ ಚುಕ್ವುವಿನ ಎದುರು ನಿಂತು ತನ್ನ ಒಡೆಯನ ಪರವಾಗಿ ವಕೀಲಿಕೆ ಮಾಡುತ್ತದೆ. ಪ್ರತಿ ಹಂತದಲ್ಲೂ ದೇವರ ಬಿರುದುಗಳನ್ನು ಸಾರಿ, ಹಿರಿಯರ ಗಾದೆಗಳನ್ನು ಸಾಕ್ಷಿಗೆ ಕರೆಯುತ್ತದೆ. ಗಿಡುಗ ಮರಿಯನ್ನು ಹೊತ್ತೊಯ್ದಾಗ ಉಳಿದ ಕೋಳಿಗಳು ಎಬ್ಬಿಸುವ ಗೋಳನ್ನು ಕಿರಿಯರ ಮೇಳಗಾನ ಎಂದು ಕರೆದದ್ದೇ ಕಾದಂಬರಿಯ ಹೆಸರಾಗಿದೆ. ಬಿರುದಾವಳಿ ಕೆಲವು ಕಡೆ ಅತಿಯಾಗಿ ಕಥೆಯ ಕಾಲಿಗೆ ತೊಡರುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಚಿ ಇಲ್ಲಿ ಒಡೆಯನನ್ನು ಸಮರ್ಥಿಸಲು ಬಂದ ವಕೀಲ. ಅದು ಎಳೆಯುವ ಗಾದೆಗಳೆಲ್ಲ ವಾದದ ಭಾಗ, ಕೆಲವು ದುರ್ಬಲ ವಾದ. ಯಾವ ಗಾದೆ ಸತ್ಯಕ್ಕೆ ನಿಂತಿದೆ, ಯಾವುದು ಒಡೆಯನ ಅಪರಾಧ ಮುಚ್ಚಲು ಬಂದಿದೆ ಎಂದು ತೂಗಿ ನೋಡುವ ಹೊಣೆ ಒಬಿಯೋಮಾ ಓದುಗನಿಗೇ ಬಿಟ್ಟಿದ್ದಾರೆ.